ತಂಗಳ ನೀರು

ಚನ್ನಬಸವ್ವ ಶಿರೂರಿಗೆ ಹೊರಟ ದಿನ ನಮ್ಮ ಹಿತ್ತಲಿನ ಹೊಂಡದಲ್ಲಿ ಹನ್ನೊಂದು ಬಂಗಾರದ ಮೀನುಗಳಿದ್ದವು. ಹೊಸಿಲು ದಾಟುವ ಮುಂಚೆ ಆಕೆ ನನ್ನನ್ನು ಹೊಂಡದ ಕಟ್ಟೆಯ ಮೇಲೆ ಕೂರಿಸಿ, ಒಂದೊಂದನ್ನೂ ಬೆರಳು ಮಾಡಿ ತೋರಿಸಿ, ಹೆಸರು ಹೇಳಿ ಒಪ್ಪಿಸಿದಳು. ನಲವತ್ತೊಂದು ವರ್ಷದ ಸಂಸಾರದಲ್ಲಿ ಉಸಿರಾಡುವ ಜೀವವೊಂದನ್ನು ಆಕೆ ನನ್ನ ವಶಕ್ಕೆ ಕೊಟ್ಟದ್ದು ಅದೇ ಮೊದಲು.

“ನಿಮ್ಮ ಕೈಯಾಗ ಕೊಡೂದಂದ್ರ ಗಾಳಿ ಕೈಯಾಗ ಹಿಟ್ಟು ಕೊಟ್ಟಂಗ,” ಎಂದು ಆಕೆ ಆಗಾಗ ಆಡುತ್ತಿದ್ದ ಮಾತು ಸುಳ್ಳಾಗಿರಲಿಲ್ಲ. ತಾರು ಕಚೇರಿಯಲ್ಲಿ ಮೂವತ್ತಾರು ವರ್ಷ ಬೇರೆಯವರ ಹುಟ್ಟುಸಾವುಗಳನ್ನು ಒಂದಕ್ಷರ ತಪ್ಪದೆ ಮುಟ್ಟಿಸಿದ ನಾನು, ಮನೆಯಲ್ಲಿ ಒಲೆಯ ಮೇಲಿನ ಹಾಲನ್ನು ಒಮ್ಮೆಯೂ ಉಕ್ಕದಂತೆ ಕಾದವನಲ್ಲ. ಕವಿತೆಯ ಪುಸ್ತಕವೊಂದು ಕೈಯಲ್ಲಿದ್ದರೆ ಹಾಲಿನ ಸದ್ದು ನನಗೆ ಬೇರೊಂದು ಊರಿನ ಮಳೆಯಂತೆ ಕೇಳಿಸುತ್ತಿತ್ತು.

ನಾವಿದ್ದದ್ದು ಮರಾಠಿ ಮಾತಿನ ನಗರದಲ್ಲಿ, ಸದಾಶಿವ ಪೇಠೆಯ ಹಲವು ಬಿಡಾರಗಳ ಹಳೆಯ ವಾಡೆಯೊಂದರ ಕೆಳಗಿನ ಎರಡು ಕೋಣೆಗಳಲ್ಲಿ. ಹಿಂದೆ ಕೈಯಗಲದ ಹಿತ್ತಲು, ಹಿತ್ತಲಿನಲ್ಲಿ ತೊಡೆಮಟ್ಟ ಆಳದ ಕಲ್ಲಿನ ತೊಟ್ಟಿ, ಅದೇ ಈಗಿನ ಹೊಂಡ. ಒಂದು ಕಾಲಕ್ಕೆ ಇಡೀ ವಾಡೆ ಅದರ ನೀರು ಕುಡಿದಿತ್ತಂತೆ. ನಾವು ಬರುವ ಹೊತ್ತಿಗೆ ಅದು ಒಡೆದ ಹೆಂಚು, ಸೈಕಲ್ಲಿನ ಟೈರುಗಳ ಸ್ಮಶಾನವಾಗಿತ್ತು. ತೊಂಬತ್ತಾರರಲ್ಲಿ, ನಾನು ನಿವೃತ್ತನಾದ ವರ್ಷ, ಚನ್ನಬಸವ್ವ ಅದರ ಕಸ ತೆಗೆಸಿ, ಸುಣ್ಣದ ನೀರಿನಿಂದ ಮೂರು ಸಲ ತೊಳೆಸಿ, ಮಣ್ಣು ತುಂಬಿದ ಮೂರು ಕುಂಡಗಳನ್ನು ತಳಕ್ಕಿಳಿಸಿ ನೈದಿಲೆ ನೆಟ್ಟಳು. ಮೇಲೆ ಅಂತರಗಂಗೆಯನ್ನು ತೇಲಿಬಿಟ್ಟಳು. ತಳದಲ್ಲಿ ಬೆಕ್ಕಿನ ಬಾಲದಂಥ ಹಸಿರು ಬಳ್ಳಿಯೊಂದು ತಾನಾಗಿ ಹಬ್ಬಿತು. ಮರುವರ್ಷ ಮೀನುಗಳು ಬಂದವು. ಅವುಗಳಲ್ಲಿ ಮೊದಲನೆಯದೇ ದೊಡ್ಡಾಕಿ. ಬಂದಾಗ ಬೆರಳಿನಷ್ಟಿದ್ದವಳು ಏಳು ವರ್ಷದಲ್ಲಿ ಗೇಣುದ್ದ ಬೆಳೆದು, ಮಧ್ಯದ ಕುಂಡದ ಹಿಂದಿನ ನೆರಳನ್ನು ತನ್ನದಾಗಿಸಿಕೊಂಡಿದ್ದಳು. ಉಳಿದವುಗಳ ಹೆಸರನ್ನು ಆಕೆ ಹೇಳಿದ್ದಳು, ನಾನು ತಲೆದೂಗಿದ್ದೆ. ನೆನಪಿನಲ್ಲಿ ಉಳಿದದ್ದು ದೊಡ್ಡಾಕಿಯೊಬ್ಬಳದೇ.

ಮಕ್ಕಳಿಲ್ಲದ ನಮಗೆ ಮಗಳಂತಿದ್ದವಳು ರೇಣು, ಚನ್ನಬಸವ್ವನ ತಂಗಿಯ ಮಗಳು. ಶಿರೂರಿನಲ್ಲಿ ಅವಳಿಗೆ ಎರಡನೆಯ ಹೆರಿಗೆ. ಹೋಗದೆ ಗತಿಯಿರಲಿಲ್ಲ.

“ನಾಕ ಮಾತು ನೆಪ್ಪಿಡ್ರಿ,” ಎಂದಿದ್ದಳು. “ತಿನಿಸು ದಿನಕ್ಕ ಎರಡು ಚಿಟಿಕಿ, ಮೂರಲ್ಲ. ಅಂತರಗಂಗಿ ಅರ್ಧಾ ಹೊಂಡದಕಿಂತಾ ಹಬ್ಬಿದ್ರ ಕಿತ್ತು ತಗೀರಿ. ನಳದ ನೀರು ಹಸೀದು ಹಾಕಬ್ಯಾಡ್ರಿ, ಅದರಾಗ ಔಷಧ ಇರ್ತದ. ಈ ಎರಡು ಪೀಪಾದಾಗ ಹಿಡದಿಟ್ಟು, ಒಂದು ದಿನ ತಂಗಳ ಮಾಡಿ ಹಾಕ್ರಿ. ನಾಕನೇದ್ದು, ಯಾರಿಗೂ ಹೊಂಡದಾಗ ಏನೂ ಹಾಕಾಕ ಬಿಡಬ್ಯಾಡ್ರಿ. ಯಾರಿಗೂ. ಕೇಳಸ್ತೇನ್ರಿ?”

“ಹೂಂ,” ಎಂದೆ.

“ಹಿಂಗ ಅಂತೀರಲ್ಲ, ಈ ‘ಹೂಂ’ಗ ನಾ ಅಂಜತೀನಿ,” ಎಂದು ಆಕೆ ಬಸ್ಸು ಹತ್ತಿದಳು.

ಹನ್ನೆರಡು ದಿನ ನಾನು ತಪ್ಪಲಿಲ್ಲ. ಆದರೆ ನೆಮ್ಮದಿಯೂ ಇರಲಿಲ್ಲ. ಗಳಿಗೆಗೊಮ್ಮೆ ಎದ್ದು ಹೋಗಿ ಎಣಿಸುತ್ತಿದ್ದೆ. ಒಮ್ಮೆ ಒಂಬತ್ತು, ಒಮ್ಮೆ ಹನ್ನೆರಡು. ಮೀನು ಲೆಕ್ಕಕ್ಕೆ ನಿಲ್ಲುವ ಪ್ರಾಣಿಯಲ್ಲ. ಎಣಿಸಿದ್ದು ಎಣಿಸದವುಗಳ ಗುಂಪಿಗೆ ಮರಳಿ ಸೇರಿಬಿಡುತ್ತದೆ. ಪುಸ್ತಕ ತೆರೆದರೆ ಎರಡನೆಯ ಸಾಲಿಗೆ ಮುಟ್ಟುವ ಮೊದಲೇ ಹಿತ್ತಲಿನಲ್ಲಿ ಏನೋ ‘ಪುಳಕ್’ ಎಂದಂತಾಗಿ ಮತ್ತೆ ಎದ್ದು ಹೋಗುತ್ತಿದ್ದೆ. ದಿನವೂ ಸಂಜೆ ಏಳಕ್ಕೆ ಫೋನು. “ದೊಡ್ಡಾಕಿ ತಿಂದಳೇನು?” ಎಂದು ಆಕೆ ಕೇಳುವಳು. “ತಿಂದಳು” ಎಂದು ನಾನು ಹೇಳುವೆನು. ಆಮೇಲೆ ರೇಣುವಿನ ಸುದ್ದಿ.

ಎರಡು ಸಾವಿರದ ನಾಲ್ಕರ ಗಣೇಶ ಚೌತಿ ಶನಿವಾರ ಬಂತು. ಚನ್ನಬಸವ್ವ ಮರಳುವುದು ಬುಧವಾರವೆಂದು ನಿಶ್ಚಯವಾಗಿತ್ತು. ಹೆಣ್ಣುಕೂಸು ಹುಟ್ಟಿತ್ತು, ಬಾಣಂತಿ ಚೆನ್ನಾಗಿದ್ದಳು. ಇನ್ನು ನಾಲ್ಕೇ ದಿನ ಎಂಬ ಸಮಾಧಾನದಲ್ಲಿ, ಬಹಳ ದಿನದ ಮೇಲೆ, ಕಟ್ಟೆಯ ಮೇಲೆ ಕೂತು ಹಳೆಯ ಮಾಸಪತ್ರಿಕೆಯೊಂದರಲ್ಲಿ ಮುಳುಗಿದ್ದೆ. ಮೇಲಿನ ಗ್ಯಾಲರಿಯಿಂದ ಸುಲಭಾ ವೈನಿಯ ದನಿ ಬಂತು.

ಸುಲಭಾ ವೈನಿ ಮೂಲತಃ ಸೊಲ್ಲಾಪುರದವರು. ಮನೆಮಾತು ಮರಾಠಿ, ಆದರೆ ನಮ್ಮೊಡನೆ ಸೊಲ್ಲಾಪುರದ ಪೇಟೆಯಲ್ಲಿ ಕಲಿತ ಕನ್ನಡವನ್ನೇ ಆಡುವರು. ಗಂಡ ಸದಾನಂದರಾಯರು ತೀರಿ ಮೂರು ವರ್ಷ. ಮೊಣಕಾಲಿನ ನೋವಿನಿಂದ ಆರು ತಿಂಗಳಾಗಿ ಅವರು ಮರದ ಹದಿನೇಳು ಮೆಟ್ಟಿಲು ಇಳಿದಿರಲಿಲ್ಲ. ಶುಕ್ರವಾರಕ್ಕೊಮ್ಮೆ ಅವರ ಪೂಜೆಗೆ ಚನ್ನಬಸವ್ವ ಒಂದು ನೈದಿಲೆ ಹೂವನ್ನು ಮೇಲೊಯ್ದು ಕೊಡುವಳು. ಬರುವಾಗ ಅವರು ಮಾಡಿದ, ಅನ್ನಕ್ಕೆ ಕಲಸುವ ಮೆತ್ಕೂಟದ ಪುಡಿ ಕೆಳಗೆ ಬರುವುದು.

ಅವರು ಏನನ್ನೋ ಕೇಳಿದರು. ನಾನು ಓದುತ್ತಿದ್ದ ಸಾಲಿನಿಂದ ಕಣ್ಣು ತೆಗೆಯದೆ, “ಹೂಂ ಹೂಂ, ಅದಕ್ಕೇನಂತ,” ಎಂದೆ.

ಕೇಳಿದ್ದೇನೆಂಬುದು ತಿಳಿದದ್ದು ಮರುದಿನ ಭಾನುವಾರ ಸಂಜೆ. ಅವರದು ಒಂದೂವರೆ ದಿನದ ಗಣಪತಿ, ಕೂರಿಸಿದ ಮರುದಿನವೇ ನೀರಿಗೆ ಬಿಡುವುದು. ವಿಮಾನ ನಗರದ ಆಫೀಸಿನಲ್ಲಿ ಕೆಲಸಕ್ಕಿದ್ದ ಅವರ ಅಣ್ಣನ ಮಗ ರೋಹಿತ, ಒಂದಡಿ ಎತ್ತರದ ಮೂರ್ತಿಯನ್ನು ಎರಡೂ ಕೈಯಲ್ಲಿ ಹಿಡಿದು, ಭುಜಕ್ಕೂ ಕಿವಿಗೂ ನಡುವೆ ಮೊಬೈಲು ಒತ್ತಿಕೊಂಡು, ನೇರ ನಮ್ಮ ಹಿತ್ತಲಿಗೆ ಬಂದ. ಮೇಲೆ ಗ್ಯಾಲರಿಯಲ್ಲಿ ಸುಲಭಾ ವೈನಿ ಕಟಕಟೆ ಹಿಡಿದು ನಿಂತಿದ್ದರು. ಮಡಿಸೀರೆ ಉಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು.

“ಕಾಕಾ, ನದೀತನಕಾ ಹೋಗಾಕ ಎರಡು ತಾಸು ಟ್ರಾಫಿಕ್ ಅದ. ಎಂಟಕ್ಕ ನಾ ಆಫೀಸಿನ್ಯಾಗಿರಬೇಕು,” ಎಂದ ರೋಹಿತ. “ಆತ್ಯಾ ಹೇಳಿದ್ಲು, ನೀವು ಹೂಂ ಅಂದೀರಂತ.”

“ಶಾಡೂ ಮಣ್ಣಿಂದದರೀ ಸಿದ್ರಾಮಪ್ಪಾರ,” ಎಂದರು ಮೇಲಿನಿಂದ. “ಒಂದ ದಿನದಾಗ ಕರಗಿ ನಿಮ್ಮ ಹೂವಿನ ಗಿಡಕ್ಕ ಗೊಬ್ಬರ ಆಗ್ತದ. ಪೇಪರಿನ್ಯಾಗೂ ಬರದಾರಲ್ಲ, ನದೀ ಹೊಲಸ ಮಾಡಬ್ಯಾಡ್ರಿ, ಮನೀ ನೀರಿನ ಹೌದಿನ್ಯಾಗ ಬಿಡ್ರಿ ಅಂತ. ಇವರು ಇದ್ದಾಗ ನದಿಗೇ ಒಯ್ತಿದ್ರು. ಈಗ ನಾ ಇಲ್ಲೇ ನಿಂತು ಕಣ್ಣಿಲೆ ನೋಡಬಹುದು.”

ನಾಲ್ಕನೆಯ ಮಾತು ನನ್ನ ಗಂಟಲಿಗೆ ಬಂತು. ಯಾರಿಗೂ ಏನೂ ಹಾಕಲು ಬಿಡಬೇಡಿ. ತಲೆಯೆತ್ತಿ ಅವರ ಮುಖ ನೋಡಿದೆ. ಮಾತು ಹಿಂದಕ್ಕೆ ಹೋಯಿತು. ಅಂದ ಮಾತನ್ನು ನುಂಗಲಾರೆ ಎಂಬ ಸಭ್ಯತೆ ಅದೆಂದು ಆಗ ಅಂದುಕೊಂಡಿದ್ದೆ.

ರೋಹಿತ ಅಂತರಗಂಗೆಯನ್ನು ಅತ್ತ ಸರಿಸಿ ಮೂರ್ತಿಯನ್ನು ಮೂರು ಸಲ ನೀರಿಗೆ ಮುಟ್ಟಿಸಿ ಬಿಟ್ಟ. ದಾರಿಯ ಬುತ್ತಿಯೆಂದು ಮೊಸರವಲಕ್ಕಿ, ಅದರ ಬೆನ್ನಿಗೆ ಒಂದು ಬಟ್ಟಲು ಹಾಲು, ಎರಡು ದಿನದ ಹೂವು, ಗರಿಕೆ. ಎಲ್ಲವೂ ಹೋಯಿತು. “ಗಣಪತಿ ಬಾಪ್ಪಾ ಮೋರಯಾ, ಪುಢಚ್ಯಾ ವರ್ಷೀ ಲವಕರ್ ಯಾ!” ಎಂದು ಮೇಲಿನಿಂದ ನಡುಗುವ ದನಿ. ಮುಂದಿನ ವರ್ಷ ಬೇಗ ಬಾ. ದೇವರು ಮಧ್ಯದ ಕುಂಡಕ್ಕೆ ಒರಗಿ ಕೂತ. ದೊಡ್ಡಾಕಿ ತನ್ನ ನೆರಳಿನಿಂದ ಚಿಮ್ಮಿ ಹೊಂಡವನ್ನು ಒಂದು ಸುತ್ತು ಹಾಕಿ ಮತ್ತೆ ಮರೆಯಾದಳು.

ಈ ಗಡಿಬಿಡಿಯಲ್ಲಿ ಆ ದಿನ ಪೀಪಾಯಿಗಳಿಗೆ ನೀರು ಹಿಡಿಯುವುದು ಮರೆತೆ.

ಸೋಮವಾರ ಬೆಳಗಿನ ಆರು ಗಂಟೆ. ಹಿತ್ತಲಿಗೆ ಹೋದವನು ಬೆರಗಾಗಿ ನಿಂತೆ. ಎಂದೂ ಎಣಿಕೆಗೆ ಸಿಗದ ಮೀನುಗಳೆಲ್ಲ ನೀರಿನ ಮೇಲೆ ಬಂದಿದ್ದವು. ಬಾಯಿಗಳಷ್ಟೇ ಹೊರಗೆ, ಸಣ್ಣ ಸಣ್ಣ ದುಂಡು ಬಾಯಿಗಳು ತೆರೆಯುತ್ತ ಮುಚ್ಚುತ್ತ, ತೆರೆಯುತ್ತ ಮುಚ್ಚುತ್ತ. ನೀರಿನ ಮೇಲೆ ಬೆಳ್ಳಿಯ ತೆಳು ಪೊರೆಯೊಂದು ಹರಡಿತ್ತು. ಮೊದಲ ಬಾರಿಗೆ ಹನ್ನೊಂದೂ ಲೆಕ್ಕಕ್ಕೆ ಸಿಕ್ಕವು. ನಾನು ಒಳಗೆ ಓಡಿಹೋಗಿ ವಹಿ, ಪೆನ್ನು ತಂದು ಕಟ್ಟೆಯ ಮೇಲೆ ಕೂತೆ. ‘ಹನ್ನೊಂದು ಬಾಯಿ, ಒಂದೇ ಹಾಡು’ ಎಂದು ಬರೆದೆ. ಎರಡನೆಯ ಸಾಲು ಹುಡುಕುತ್ತಿದ್ದೆ.

ಪಕ್ಕದ ವಾಡೆ ಆಗಲೇ ನೆಲಸಮವಾಗಿ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಏಳುತ್ತಿತ್ತು. ಸುರಪುರದ ಕಡೆಯಿಂದ ಬಂದ ತಿಪ್ಪವ್ವ, ಗಂಡ ಕಾಶಪ್ಪನೊಂದಿಗೆ ಅಲ್ಲಿ ಇಟ್ಟಿಗೆ, ಗಾರೆ ಹೊರುತ್ತಿದ್ದಳು. ದಿನವೂ ಬೆಳಿಗ್ಗೆ ನಮ್ಮ ಹಿತ್ತಲಿನ ನಳಕ್ಕೆ ನೀರಿಗೆ ಬರುವುದು ಚನ್ನಬಸವ್ವ ಮಾಡಿಕೊಟ್ಟ ಏರ್ಪಾಡು. ಕೊಡ ಇಟ್ಟವಳು ನನ್ನನ್ನೂ ಹೊಂಡವನ್ನೂ ನೋಡಿದಳು.

“ಏನ ಬರಿಯಾಕತ್ತೀರಿ ಅಜ್ಜಾರ?”

“ಮೀನು ಹೆಂಗ ಹಾಡಾಕತ್ತಾವ ನೋಡು ತಿಪ್ಪವ್ವಾ.”

“ಯವ್ವಾ ಯವ್ವಾ! ಹಾಡಾಕತ್ತಿಲ್ಲರಿ ಅವು, ಸಾಯಾಕತ್ತಾವ! ಉಸುರ ಸಿಗವಲ್ತು ಅವಕ್ಕ. ನಮ್ಮ ಹೊಳ್ಯಾಗ ಬ್ಯಾಸಗೀಗೆ ಮಡುವು ಕೊಳತ್ರ ಹಿಂಗ ಮ್ಯಾಲ ಬಂದು ಬಾಯಿ ಬಿಡ್ತಾವ. ಆ ವಹಿ ಒಗೀರಿ, ಚರಿಗಿ ಹಿಡೀರಿ!”

ವಹಿ ನನ್ನ ಕೈಯಿಂದ ಜಾರಿತು. ನೀರಿಗೆ ಬೀಳಲಿಲ್ಲ, ಅದೊಂದು ಪುಣ್ಯ. ಅವಳು ಹೇಳಿದಂತೆ ಹೊಂಡದ ನೀರನ್ನೇ ಚರಿಗೆಯಲ್ಲಿ ಮೊಗೆದು, ತಲೆಯ ಮೇಲಕ್ಕೆತ್ತಿ, ಗಾಳಿ ಬೆರೆಯುವಂತೆ ಹುಯ್ಯತೊಡಗಿದೆ. ಅವಳು ಸೆರಗು ಸಿಕ್ಕಿಸಿ ಅವಲಕ್ಕಿ, ಕೊಳೆತ ಹೂವು ಬಳಿದು ಹೊರಗೆ ಹಾಕಿದಳು. ಅಂತರಗಂಗೆಯ ಮರೆಯಿಂದ ಒಂದು ಮೀನು ಹೊಟ್ಟೆ ಮೇಲಾಗಿ ತೇಲಿಬಂತು. ಅದರ ಹೆಸರು ನನಗೆ ಗೊತ್ತಿರಲಿಲ್ಲ.

“ತಂಗಳ ನೀರು ಎಷ್ಟದರಿ?”

ಒಂದು ಪೀಪಾಯಿ ಬರಿದು. ಇನ್ನೊಂದರಲ್ಲಿ ಅರ್ಧ. ತಿಪ್ಪವ್ವ ನನ್ನ ಮುಖ ನೋಡಿದಳು. ಹಿಟ್ಟಿನ ಜರಡಿ ತರಿಸಿ, ಸಿಕ್ಕ ಆರು ಮೀನುಗಳನ್ನು ಹಿಡಿದು ಆ ಅರ್ಧ ಪೀಪಾಯಿಗೆ ಬಿಟ್ಟಳು. “ಇದರಾಗ ಇನ್ನೂ ಹೆಚ್ಚಿಗಿ ಹಿಡಸಂಗಿಲ್ಲ.” ಉಳಿದವು ನಾಲ್ಕು. ದೊಡ್ಡಾಕಿ ಮಧ್ಯದ ಕುಂಡದ ಹಿಂದೆ, ದೇವರ ಬೆನ್ನಿನ ಸಂದಿನಲ್ಲಿ ಸೇರಿಕೊಂಡಿದ್ದಳು. ಜರಡಿ ಅಲ್ಲಿಗೆ ಹೋಗಲಿಲ್ಲ.

ತಿಪ್ಪವ್ವ ನೀರಿಗೆ ಕೈಯಿಳಿಸಿ ಮೂರ್ತಿಯ ಪೀಠವನ್ನು ಉಗುರಿನಿಂದ ಗೀರಿ ನೋಡಿದಳು. ಆ ಕೈಯನ್ನೇ ಕಣ್ಣಿಗೊತ್ತಿಕೊಂಡು ಹೇಳಿದಳು: “ಮಣ್ಣಲ್ಲರಿ ಇದು. ನಮ್ಮ ಬಿಲ್ಡಿಂಗಿನ್ಯಾಗ ಛತ್ತಿಗೆ ಹಚ್ಚತಾರಲ್ಲ, ಬಿಳೀ ಪಿಓಪಿ, ಅದ. ಮಣ್ಣಾಗಿದ್ರ ಇಷ್ಟೊತ್ತಿಗೆ ಸ್ವಂಡಿ ಉದರತಿತ್ತು. ಇದು ತಿಂಗಳಾದ್ರೂ ಹಿಂಗ ಕುಂತಿರ್ತದ, ಬಣ್ಣಷ್ಟ ಬಿಡಕೋತ.”

“ಎತ್ತು ಹಂಗಾದ್ರ.”

“ಮುಣಗಿಸಿದ ದೇವರನ್ನ ನಾ ಎತ್ತಲೇನ್ರಿ? ಯಾರು ಬಿಟ್ಟಾರ, ಅವರು ಹೂಂ ಅನಬೇಕು. ಹೋಗಿ ಹೇಳ್ರಿ. ಲಗೂನ ಹೋಗ್ರಿ. ನನಗ ಕೆಲಸದ ಹೊತ್ತಾತು.”

ಹದಿನೇಳು ಮೆಟ್ಟಿಲು ಹತ್ತಿದೆ. ಸುಲಭಾ ವೈನಿ ಬಾಗಿಲಲ್ಲೇ ಎದುರಾದರು. ಮೂರು ವರ್ಷದಿಂದ ನಾನು ಕಾಣದಿದ್ದ ಗೆಲುವಿನ ಮುಖ.

“ಬರ್ರಿ ಬರ್ರಿ, ಚಾ ಇಟ್ಟೀನಿ. ಅಹೋ, ನಿನ್ನೆ ಏನ ನಿದ್ದಿ ಬಂತ್ರೀ ನನಗ! ಅವರು ಹೋದ ಮ್ಯಾಲೆ ಇಷ್ಟು ನಿದ್ದಿ ಮಾಡಿದ್ದ ನೆನಪಿಲ್ಲ. ಬೆಳಿಗ್ಗೆ ಎದ್ದು ಗ್ಯಾಲರಿಗೆ ಬಂದ್ರ ಕೆಳಗ ಕಿರೀಟ ಹೊಳ್ಯಾಕತ್ತಿತ್ತು. ಮನ್ಯಾಗಿನ ಮಂದಿ ಮನ್ಯಾಗ ಇದ್ದಂಗ.”

ಅವರ ಕಣ್ಣು ಮಂಜಾಗಿತ್ತು. ಮೇಲಿನಿಂದ ಅವರಿಗೆ ಕಾಣುತ್ತಿದ್ದುದು ಹೊಳಪು ಮಾತ್ರ. ನಾನು ಬಾಯಿ ತೆರೆದೆ. ಚಹಾ ಬಂತು. ಕುಡಿದೆ. ಸದಾನಂದರಾಯರು ಹೇಗೆ ಮೂರ್ತಿಯನ್ನು ತಲೆಯ ಮೇಲಿಟ್ಟು ನದಿಗೆ ನಡೆದೇ ಹೋಗುತ್ತಿದ್ದರು, ಹೇಗೆ ಬರುವಾಗ ಬರಿದಾದ ಮಣೆಯ ಮೇಲೆ ಒಂದು ಹಿಡಿ ಮರಳು ತರುತ್ತಿದ್ದರು ಎಂಬುದನ್ನು ಕೇಳಿದೆ. ಕಪ್ಪು ಇಟ್ಟು ಕೆಳಗಿಳಿದೆ.

ಮತ್ತೆ ನೀರು ಮೊಗೆದು ಹುಯ್ಯುವುದು. ಅರವತ್ತಾರರ ತೋಳು ಇಪ್ಪತ್ತು ಸಲಕ್ಕೆ ಸೋತು ಬೀಳುತ್ತಿತ್ತು. ನಿಂತರೆ ಬಾಯಿಗಳು ಮೇಲೆ ಬರುವವು, ಹುಯ್ದರೆ ಒಳಗೆ ಹೋಗುವವು. ನಾನೇ ಎತ್ತಿಬಿಟ್ಟರೆ? ಮೇಲೆ ಗ್ಯಾಲರಿಯಲ್ಲಿ ಅವರು ಕುರ್ಚಿ ಹಾಕಿಕೊಂಡು, ಜಪಮಾಲೆ ಹಿಡಿದು, ಕೆಳಗೇ ನೋಡುತ್ತ ಕೂತಿದ್ದರು. ಹತ್ತು ಗಂಟೆಗೆ ಇನ್ನೊಂದು ಸತ್ತಿತು. ಮತ್ತೆ ಮೆಟ್ಟಿಲು ಹತ್ತಿದೆ. ಒಂಬತ್ತನೆಯ ಮೆಟ್ಟಿಲಿನಲ್ಲಿ ನಿಂತು ಒಪ್ಪುವ ಒಂದು ವಾಕ್ಯ ಹುಡುಕಿದೆ. ‘ವೈನಿ, ನೀರು ಮತ್ತು ನಂಬಿಕೆ...’ ಛೇ. ‘ವೈನಿ, ದೇವರಿಗೂ ಒಮ್ಮೊಮ್ಮೆ...’ ಅದೂ ಅಲ್ಲ. ಪ್ರತಿಯೊಂದು ವಾಕ್ಯವೂ ಅವರ ಬಳಿ ಹೋಗುವ ಬದಲು ನನ್ನ ಸುತ್ತಲೇ ಸುಳಿಯುತ್ತಿತ್ತು. ಇಳಿದುಬಂದೆ. ಆಗಲೇ ಮೂರನೆಯದು ಅಂತರಗಂಗೆಯ ಬೇರಿಗೆ ಸಿಕ್ಕು, ಸತ್ತು ಬಾಗಿತ್ತು. ಕುಂಡದ ಹಿಂದೆ ದೊಡ್ಡಾಕಿ ಒಂದು ಮಗ್ಗುಲಿಗೆ ವಾಲಿದ್ದಳು.

ಮಧ್ಯಾಹ್ನ ಹನ್ನೆರಡಕ್ಕೆ ಮೂರನೆಯ ಸಲ ಹತ್ತಿದೆ. ಕೂರಲಿಲ್ಲ. ಬಾಗಿಲಲ್ಲಿ ನಿಂತೇ, ತಾರಿನಲ್ಲಿ ಕಳಿಸುವಂತೆ ಹೇಳಿದೆ: “ವೈನಿ, ಗಣಪತಿ ಮಣ್ಣಿಂದಲ್ಲ. ಬಣ್ಣ, ಹಾಲು ಸೇರಿ ನೀರು ಕೆಟ್ಟದ. ಮೀನು ಸಾಯಾಕತ್ತಾವ. ಎತ್ತಬೇಕಾಗೇದ.”

ಜಪಮಾಲೆ ನಿಂತಿತು.

“ಶಾಡೂ ಅಂತ ಹೇಳೇ ಕೊಟ್ನಲ್ರೀ ಅಂವಾ! ಫೂಟ್‌ಪಾಥಿನ ಮ್ಯಾಲೆ, ರೋಹಿತ ಗಾಡಿ ನಿಲ್ಲಿಸಿ...” ಎಂದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ, “ಎಷ್ಟು ಸತ್ತಾವ?”

“ಮೂರು.”

“ಬೆಳಿಗ್ಗೆ ಚಾ ಕುಡಿಯೋ ಮುಂದ?”

“ಒಂದು.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. “ಚಾ ಕುಡದ್ರಲ್ಲ ಸಿದ್ರಾಮಪ್ಪಾರ. ಚಲೋ ಆಗೇದ ಅಂತಾನೂ ಅಂದ್ರಿ. ಬಾಯಿ ಇತ್ತಲ್ಲ ನಿಮಗ?”

ಅವರು ಗೋಡೆ ಹಿಡಿದು ಎದ್ದರು. “ಕೈ ಕೊಡ್ರಿ. ನಾ ಕೂಡಿಸಿದ ದೇವರು. ನಾನ ಬರಬೇಕು.”

ಒಂದೊಂದು ಮೆಟ್ಟಿಲಿಗೂ ‘ರಾಮಾ’ ಎನ್ನುತ್ತ, ಹಿಂದುಮುಂದಾಗಿ, ಕೂಸಿನಂತೆ ಅವರು ಇಳಿದರು. ಊಟದ ಬಿಡುವಿನಲ್ಲಿ ತಿಪ್ಪವ್ವ ಆಗಲೇ ಬಂದು ನಿಂತಿದ್ದಳು. ಹೊಂಡದ ಕಟ್ಟೆ ಹಿಡಿದು ಸುಲಭಾ ವೈನಿ ಬಾಗಿ ನೋಡಿದರು. ಹತ್ತಿರದಿಂದ ಅವರಿಗೆ ಕಂಡದ್ದೇನೆಂದರೆ ಕೆಂಪು ಕರಗಿ ಬಿಳಿಚಿದ ಒಂದು ಮುಖ, ಮುರಿಯದ ಸೊಂಡಿಲು, ನೀರಿನ ಮೇಲೆ ಬೆಳ್ಳಿಯ ಪೊರೆ, ಪೊರೆಯಲ್ಲಿ ತೆರೆದ ಒಂದು ಬಾಯಿ. ಕೈಮುಗಿದರು. ಬಹಳ ಹೊತ್ತು ಏನನ್ನೋ ಗುಣುಗುಣಿಸಿದರು. ಕಣ್ಣು ತೆರೆದು ಹೇಳಿದರು:

“ಲವಕರ್ ಯಾ ಅಂದಿದ್ದೆ. ಈ ಹುಚ್ಚಪ್ಪಾ ಮರುದಿನಾನ ಬಂದು ಕುಂತಾನ!”

ತಿಪ್ಪವ್ವ ಮೊದಲು ನಕ್ಕಳು. ಆಮೇಲೆ ಅವರೂ ನಕ್ಕರು. ನಗುವಿನ ಕೊನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಗಲು ಆಗದೆ ಇದ್ದವನು ನಾನೊಬ್ಬ.

“ಎತ್ತವಾ,” ಎಂದರು. ತಿಪ್ಪವ್ವ ಎರಡೂ ಕೈಯಿಂದ ಮೂರ್ತಿಯನ್ನೆತ್ತಿ ಕಟ್ಟೆಯ ಮೇಲಿಟ್ಟಳು. ಅದರ ಬೆನ್ನಿನಿಂದ ಬಣ್ಣದ ನೀರು ಕಲ್ಲಿನ ಮೇಲೆ ಹರಿಯಿತು.

“ಇನ್ನ ಇದನ್ನ ಎಲ್ಲಿ ಇಡೂದು? ರೋಹಿತ ಬರೂದು ಮುಂದಿನ ಐತವಾರ.”

“ನಾ ಒಯ್ತೀನ್ರಿ ನದಿಗೆ,” ಎಂದಳು ತಿಪ್ಪವ್ವ. “ಸಂಜೀಕ ಕೆಲಸಾ ಬಿಟ್ಟ ಮ್ಯಾಲೆ. ದಿನಾ ಇಟ್ಟಂಗಿ ಹೊರೂ ತಲೀರಿ ಇದು. ಒಂದಿನಾ ದೇವರ ಹೊತ್ರ ಏನ ಭಾರ?”

ಸುಲಭಾ ವೈನಿ ಅವಳ ಸಿಮೆಂಟು ಮೆತ್ತಿದ ಕೈಗಳನ್ನು ನೋಡಿದರು, ತಲೆಯ ಮೇಲಿನ ಸಿಂಬಿಯನ್ನು ನೋಡಿದರು. ಅವರ ಮನೆಯ ದೇವರನ್ನು ಮನೆಯವರಲ್ಲದ ಹೆಣ್ಣೊಬ್ಬಳು ಮುಟ್ಟಿದ್ದು ಆ ದಿನದವರೆಗೆ ಇರಲಿಲ್ಲವೆಂದು ನನಗೆ ಗೊತ್ತು. “ನಿನ್ನ ಹೆಸರೇನಂದಿ?” ಎಂದರು. ಹೇಳಿದಳು. “ನಮ್ಮ ಮನ್ಯಾಂವಾ, ತಿಪ್ಪವ್ವಾ. ಜ್ವಾಕೀಲೆ ಒಯ್ಯಿ. ಬರೋಮುಂದ ಒಂದು ಹಿಡಿ ಉಸುಕು ತಗೊಂಡು ಬಾ.”

ನಮ್ಮ ಹೊಂಡ ತಾಳದೆ ಹೋದದ್ದನ್ನು ನದಿ ತಾಳಬೇಕಾಗಿತ್ತು. ಆ ಯೋಚನೆಯೂ ನನ್ನನ್ನು ಸುಮ್ಮನೆ ಬಿಡಲಿಲ್ಲ.

ದೇವರು ಎದ್ದ ಜಾಗದಲ್ಲಿ ದೊಡ್ಡಾಕಿ ತೇಲಿದಳು. ಬದುಕಿದ್ದಳು. ಪೀಪಾಯಿಯಿಂದ ಎರಡು ಮೀನನ್ನು, ಹೊಂಡದಲ್ಲಿ ಉಳಿದಿದ್ದ ಇನ್ನೊಂದನ್ನು ತೆಗೆದು ಬಕೆಟ್ಟಿಗೆ ಬಿಟ್ಟು, ಅವಳಿಗೆ ಜಾಗ ಮಾಡಿದೆವು. ಮೂರು ತಾಸು ಕಿವಿರು ಆಡಿತು. ನಾಲ್ಕು ಗಂಟೆಗೆ ನಿಂತಿತು. ಬೆಳಿಗ್ಗೆ ಏಳಕ್ಕೇ ಮೂರ್ತಿ ಎದ್ದಿದ್ದರೆ ಎಂಬ ಲೆಕ್ಕವನ್ನು ನಾನು ಆ ಸಂಜೆಯಿಂದ ಹಲವು ಬಾರಿ ಹಾಕಿದ್ದೇನೆ. ಅದು ಎಲ್ಲ ಸಲವೂ ಒಂದೇ ಉತ್ತರ ಕೊಡುತ್ತದೆ.

ಏಳಕ್ಕೆ ಫೋನು.

“ದೊಡ್ಡಾಕಿ ತಿಂದಳೇನು?”

“ಎಲ್ಲಾರೂ ಆರಾಮ ಅದಾರ,” ಎಂದೆ.

“ಕೂಸಿನ ಹೆಸರು ಭುವನೇಶ್ವರಿ ಅಂತ ಇಡತಾರಂತ,” ಎಂದಳು.

ಮಂಗಳವಾರ ಬೆಳಿಗ್ಗೆ, ಯಾರೋ ತಳ್ಳಿದಂತೆ, ಮೀನು ಮಾರುವ ಅಂಗಡಿಗೆ ಹೋದೆ. ಗಾಜಿನ ಪೆಟ್ಟಿಗೆಗಳಲ್ಲಿ ನೂರಾರು ಮೀನು. ದೊಡ್ಡದೂ ಇದ್ದವು. ನಾಲ್ಕು ಕೊಂಡು ಬಿಟ್ಟರೆ ಹೊಂಡದಲ್ಲಿ ಹನ್ನೊಂದಾಗುತ್ತದೆ. ಅಂಗಡಿಯವನು ಜಾಳಿಗೆ ಹಿಡಿದು ಮರಾಠಿಯಲ್ಲಿ ಕೇಳಿದ: ಯಾವ ಬಣ್ಣ, ಎಷ್ಟು ಉದ್ದ, ಬಾಲ ಒಂಟಿಯೋ ಜೋಡಿಯೋ?

ದೊಡ್ಡಾಕಿಗೆ ಒಂದು ಬಿಳಿಯ ಮಚ್ಚೆಯಿತ್ತು. ಎಡಗಡೆಯೋ, ಬಲಗಡೆಯೋ? ಹಿಂದಿನ ದಿನವಷ್ಟೇ ಅಂಗೈಯಲ್ಲಿ ಹಿಡಿದು ಮಣ್ಣು ಮಾಡಿದ್ದೆ. ಏಳು ವರ್ಷ ಅದೇ ಕಟ್ಟೆಯ ಮೇಲೆ ಕೂತಿದ್ದೆ. ಆ ಹೊಂಡವನ್ನು ನಾನು ಕನ್ನಡಿ ಎಂದಿದ್ದೆ, ಕಣ್ಣು ಎಂದಿದ್ದೆ, ಬಿದ್ದ ಆಕಾಶ ಎಂದಿದ್ದೆ. ವಹಿಯಲ್ಲಿ ಎಲ್ಲವೂ ಇವೆ. ಮಚ್ಚೆ ಯಾವ ಕಡೆಗಿತ್ತು ಎಂಬುದು ಎಲ್ಲಿಯೂ ಇಲ್ಲ.

“ನಕೋ,” ಬೇಡ ಎಂದು ಬರಿಗೈಯಲ್ಲಿ ಬಂದೆ. ಸೋಮವಾರ ಸಂಜೆ ಬರಿದಾಗಿದ್ದ ಪೀಪಾಯಿ, ಇನ್ನೊಂದು ಬಕೆಟ್ಟು, ಪಾತೆಲಿ, ಕೊನೆಗೆ ಪರಾತದಲ್ಲೂ ಹಿಡಿದಿಟ್ಟಿದ್ದ ನೀರು ತಂಗಳಾಗಿತ್ತು. ಕೆಟ್ಟ ನೀರನ್ನು ಅರ್ಧಕ್ಕರ್ಧ ಮೊಗೆದು ಚೆಲ್ಲಿ, ಇದನ್ನು ಸುರಿದು, ಏಳು ಮೀನುಗಳನ್ನು ಮರಳಿ ಬಿಟ್ಟು, ಎರಡೂ ಪೀಪಾಯಿಗಳನ್ನು ತಿಕ್ಕಿ ತೊಳೆದೆ. ಸಂಜೆಯಾಗುವವರೆಗೂ ಕೂತು ನೋಡಿದೆ. ಒಂದೂ ಬಾಯಿ ಮೇಲೆ ಬರಲಿಲ್ಲ. ಆದರೂ ನಾನು ಏಳುವುದು, ಕೂರುವುದು ನಿಲ್ಲಲಿಲ್ಲ.

ಬುಧವಾರ ನಾಲ್ಕಕ್ಕೆ ಚನ್ನಬಸವ್ವ ಬಂದಳು. ಚೀಲ ಇಳಿಸುವ ಮೊದಲೇ ಹಿತ್ತಲಿಗೆ ನಡೆದಳು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಏನ್ರಿ, ಹಿಂಗ ಅಡ್ಡ ನಿಂತೀರಿ?”

“ನಾಕು ಸತ್ತಾವ,” ಎಂದೆ. “ದೊಡ್ಡಾಕೀನೂ. ವೈನಿಯ ಗಣಪತಿ ಹೊಂಡದಾಗ ಬಿಡಾಕ ನಾ ಹೂಂ ಅಂದಿದ್ದೆ. ಕೇಳದಾ ಅಂದಿದ್ದೆ. ನೀರು ಕೆಟ್ಟಿತು. ಎತ್ತಬೇಕು ಅಂತ ಹೇಳಾಕ ಐದು ತಾಸು ತಡಾ ಮಾಡಿದೆ. ಫೋನಿನ್ಯಾಗ ಸುಳ್ಳ ಹೇಳಿದೆ.”

“ಗೊತ್ತದ.”

“ವೈನಿ ಹೇಳಿದ್ರೇನು?”

“ಯಾರೂ ಹೇಳಿಲ್ಲ. ದೊಡ್ಡಾಕಿ ತಿಂದಳೇನು ಅಂತ ನಾ ಕೇಳಿದ್ರ ಎಲ್ಲಾರೂ ಆರಾಮ ಅಂದ್ರಿ. ಹೆಸರ ಹಿಡದು ಕೇಳಿದ್ದಕ್ಕ ನೀವು ಊರಿಗೇ ಉತ್ತರಾ ಕೊಟ್ರಿ. ಅವಾಗ ತಿಳೀತು.” ನನ್ನನ್ನು ಪಕ್ಕಕ್ಕೆ ಸರಿಸಿ ಆಕೆ ಹೊಂಡದ ಬಳಿ ಹೋದಳು. ಬಹಳ ಹೊತ್ತು ನಿಂತಳು. “ಎಲ್ಲಿ ಹುಗದ್ರಿ?”

ಮಲ್ಲಿಗೆಯ ಬುಡ ತೋರಿಸಿದೆ.

“ಆಳಕ್ಕ ತಗದೀರೇನು? ಬೆಕ್ಕು ಕೆದರತದ.”

“ಮೊಣಕೈಯುದ್ದ ತಗದೀನಿ.”

ಆಕೆ ಪೀಪಾಯಿಗಳ ಮುಚ್ಚಳ ಎತ್ತಿದಳು. ಎರಡೂ ಕಂಠಮಟ್ಟ ತುಂಬಿದ್ದವು. ಬೆರಳು ಅದ್ದಿ ಮೂಸಿದಳು. ಮುಚ್ಚಳ ಮುಚ್ಚಿದಳು. ಒಳಗೆ ಹೋಗಿ ಸೀರೆ ಬದಲಿಸಿ, ಅಕ್ಕಿ ತೊಳೆಯಲು ಕೂತಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಗುರುವಾರವೂ ಬೈಯಲಿಲ್ಲ. ಶುಕ್ರವಾರ ಅರಳಿದ್ದ ಒಂದೇ ಒಂದು ನೈದಿಲೆಯನ್ನು ಕೊಯ್ದು ಸುಲಭಾ ವೈನಿಗೆ ಕೊಟ್ಟುಬಂದಳು. ಬರುವಾಗ ಕೈಯಲ್ಲಿ ಮೆತ್ಕೂಟದ ಪುಡಿಯಿತ್ತು. ಮೇಲೆ ಇಬ್ಬರೂ ಏನು ಮಾತಾಡಿದರೆಂದು ನನಗೆ ಹೇಳಲಿಲ್ಲ. ನಾನು ಕೋಣೆಯಿಂದ ಹಿತ್ತಲಿಗೆ, ಹಿತ್ತಲಿನಿಂದ ಕೋಣೆಗೆ ತಿರುಗಾಡಿದೆ.

ಶನಿವಾರ ಬೆಳಿಗ್ಗೆ ಐದಕ್ಕೆ ನಳ ಬುಸುಗುಟ್ಟಿತು. ಎಂಟು ವರ್ಷದಿಂದ ಆ ಸದ್ದಿಗೆ ಮೊದಲು ಏಳುವವಳು ಆಕೆ. ನಾನು ಕಣ್ಣು ಮುಚ್ಚಿಯೇ ಕಾದೆ. ಹಾಸಿಗೆ ಅಲುಗಲಿಲ್ಲ.

“ನಳಾ ಬಂತು,” ಎಂದೆ.

“ಕೇಳೇದ. ನೀವು ಹೋಗ್ರಿ.”

ಹೋದೆ. ಅದು ಶಿಕ್ಷೆಯೋ, ಮತ್ತೇನೋ, ಕೇಳುವ ಧೈರ್ಯವಿರಲಿಲ್ಲ. ಪೀಪಾಯಿಗಳಲ್ಲಿದ್ದ ತಂಗಳ ನೀರನ್ನು ಚರಿಗೆಚರಿಗೆಯಾಗಿ ಹೊಂಡಕ್ಕೆ ಹುಯ್ದು, ಹೊಸ ನೀರು ಹಿಡಿಯಲು ಕೊಳವೆ ಹಚ್ಚಿದೆ. ಬೆಳಕು ಹರಿಯಿತು. ಪಕ್ಕದ ಕಟ್ಟಡದಲ್ಲಿ ಇಟ್ಟಿಗೆ ಇಳಿಸುವ ಸದ್ದು. ಮೀನುಗಳು ಎದ್ದವು. ಎಣಿಸಿದೆ. ಆರು. ಅಂತರಗಂಗೆಯನ್ನು ಸರಿಸಿದೆ, ಬೇರಿನ ಮರೆಯಲ್ಲಿ ಒಂದು ಬಾಲ ಆಡಿತು. ಏಳು.

ಒಳಗಿನಿಂದ ಚನ್ನಬಸವ್ವನ ದನಿ ಬಂತು: “ಎಷ್ಟು?”

“ಏಳು!”

“ಎಣಿಕಿ ಬ್ಯಾಡ. ಹೆಸರ ಹಿಡದು ಹೇಳ್ರಿ.”

ನನಗೆ ಒಂದೂ ಬರುತ್ತಿರಲಿಲ್ಲ. ಹಾಗೆಂದೇ ಹೇಳಿದೆ.

ಹಾಸಿಗೆಯಿಂದ ಏಳದೆಯೇ ಆಕೆ ಕೇಳಿದಳು: “ಈಗ ಕುಂಡದ ಹಂತ್ಯಾಕ ಯಾವದದ? ಬಾಲ ಹೆಂಗದ, ನೋಡಿ ಹೇಳ್ರಿ.”

ನಾನು ಕಟ್ಟೆಯ ಮೇಲೆ ಮೊಣಕಾಲೂರಿ, ಮುಖ ನೀರಿಗೆ ತಾಗುವಷ್ಟು ಬಾಗಿದೆ. ಆ ಮೀನು ನಿಲ್ಲುತ್ತಿರಲಿಲ್ಲ.